ಗಿಡದ ಮದ್ದು ಶುರು ಮಾಡುವ ಮೊದಲು: ಶುಗರ್, ಬಿಪಿ, ಕಿಡ್ನಿ ತೊಂದರೆ ಇರುವವರಿಗೆ ಹಂತ ಹಂತವಾಗಿ

ಇನ್ಸುಲಿನ್ ಗಿಡದ ಎಲೆ ದಿನಕ್ಕೆ ಎಷ್ಟು ತಿನ್ನಬಹುದು? ಬಿಂಬುಳಿ ಜ್ಯೂಸ್ ಕುಡಿದರೆ ಕೊಲೆಸ್ಟ್ರಾಲ್ ಇಳಿಯುತ್ತದಂತೆ, ಹೌದಾ? ಅಮೃತಬಳ್ಳಿ ಕಷಾಯ ಕುಡಿಯುತ್ತಿದ್ದೇನೆ, ಶುಗರ್ ಮಾತ್ರೆ ಬಿಡಬಹುದಾ? ಕೇಳುವವರು ಒಬ್ಬರು ಸುರತ್ಕಲ್‌ನವರು, ಇನ್ನೊಬ್ಬರು ಕಾಪುವಿನವರು, ಮತ್ತೊಬ್ಬರು ಕುಂದಾಪುರದಿಂದ ಫೋನ್ ಮಾಡಿದವರು. ಪ್ರಶ್ನೆಗಳು ಮಾತ್ರ ಇವೇ ಮೂರು-ನಾಲ್ಕು. ಹಾಗಾಗಿ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದು ಹಾಕುತ್ತಿದ್ದೇನೆ. ನಾನು ಫಾರ್ಮಸಿ ಓದಿದವಳು, ಡಾಕ್ಟರ್ ಅಲ್ಲ. ನಿಮ್ಮ ಮಾತ್ರೆ ಬದಲಿಸುವ ಅಧಿಕಾರ ನನಗಿಲ್ಲ, ಇದನ್ನು ಓದಿ ನೀವೂ ಬದಲಿಸಬೇಡಿ.

ಗಿಡದಲ್ಲಿ ಮದ್ದೇ ಇಲ್ಲ ಎನ್ನುವವಳಲ್ಲ ನಾನು. ಶುಗರ್‌ಗೆ ಡಾಕ್ಟರು ಮೊದಲು ಬರೆಯುವ ಮೆಟ್‌ಫಾರ್ಮಿನ್ ಇದೆಯಲ್ಲ, ಅದರ ಬೇರು ಹುಡುಕುತ್ತಾ ಹೋದರೆ ಯುರೋಪಿನ ಗಲೇಗಾ ಅಫಿಸಿನಾಲಿಸ್ ಎಂಬ ಗಿಡ ಸಿಗುತ್ತದೆ. ಅದರಲ್ಲಿದ್ದ ಗಲೆಜಿನ್ ಶುಗರ್ ಇಳಿಸುತ್ತಿತ್ತು, ಆದರೆ ವಿಷವೂ ಆಗಿತ್ತು. ಅದೇ ಕುಟುಂಬದ ಮೆಟ್‌ಫಾರ್ಮಿನ್ ಅನ್ನು 1922ರಲ್ಲಿ ಲ್ಯಾಬ್‌ನಲ್ಲಿ ತಯಾರಿಸಿದರು. ಶುಗರ್ ರೋಗಿಗಳಿಗೆ ಕೊಟ್ಟು ನೋಡಿದ ವರದಿ ಬಂದದ್ದು 1957ರಲ್ಲಿ.

ನಮ್ಮ ಅಂಗಳದ ನಿತ್ಯಪುಷ್ಪದ ಕಥೆ ಇನ್ನೂ ವಿಚಿತ್ರ. ಅದು ಶುಗರ್‌ಗೆ ಒಳ್ಳೆಯದು ಎಂಬ ನಂಬಿಕೆ ಕೇಳಿ ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಇಲಿಗಳ ಮೇಲೆ ಪರೀಕ್ಷೆ ಮಾಡಿದರು. ಶುಗರ್ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. ಆ ಜಾಡು ಹಿಡಿದು ಸಿಕ್ಕಿದ್ದೇ ವಿನ್‌ಬ್ಲಾಸ್ಟಿನ್, ಈಗಲೂ ಕೊಡುವ ಕ್ಯಾನ್ಸರ್ ಮದ್ದು. ಶುಗರ್‌ಗೆಂದು ಬೆಳಿಗ್ಗೆ ನಿತ್ಯಪುಷ್ಪದ ಎಲೆ ಜಗಿಯುವವರು ಇದ್ದರೆ ಇವತ್ತೇ ನಿಲ್ಲಿಸಿ.

ಇನ್ನೊಂದು ಗಡಿ ಹಾಕಿಕೊಳ್ಳೋಣ. ತಿಮರೆ ಚಟ್ನಿ, ಹಾಗಲಕಾಯಿ ಪಲ್ಯ, ಪುನರ್ಪುಳಿ ಸಾರು, ಒಗ್ಗರಣೆಯ ಮೆಂತ್ಯೆ, ಇವೆಲ್ಲ ಊಟ. ಕಿಡ್ನಿ ರೋಗಿಗಳಿಗೆ ಡಾಕ್ಟರು ಬೇಡ ಎಂದದ್ದನ್ನು ಬಿಟ್ಟರೆ ಊಟದ ಬಗ್ಗೆ ನನ್ನ ತಕರಾರಿಲ್ಲ. ಅದೇ ವಸ್ತುವನ್ನು ಜ್ಯೂಸ್, ಪುಡಿ, ಕ್ಯಾಪ್ಸೂಲ್ ಮಾಡಿ ದಿನಾ ಖಾಲಿ ಹೊಟ್ಟೆಗೆ ತೆಗೆದುಕೊಳ್ಳಲು ಶುರು ಮಾಡಿದರೆ ಅದು ಮದ್ದಾಯಿತು. ಮದ್ದಾದ ಮೇಲೆ ಮದ್ದಿನ ಲೆಕ್ಕವನ್ನೇ ಹಾಕಬೇಕು.

ಕೂರುವ ಮೊದಲು ಹತ್ತಿರ ಇಟ್ಟುಕೊಳ್ಳಿ: ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್, ಕೊನೆಯ ರಕ್ತಪರೀಕ್ಷೆಯ ರಿಪೋರ್ಟ್, ಒಂದು ನೋಟ್‌ಬುಕ್, ಮತ್ತೆ ಆ ಗಿಡದ ಬಗ್ಗೆ ನಿಮಗೆ ಬಂದ ವಾಟ್ಸಾಪ್ ಮೆಸೇಜ್ ಅಥವಾ ಪೇಪರ್ ತುಂಡು. ಅದನ್ನು ಡಿಲೀಟ್ ಮಾಡಬೇಡಿ, ಮುಂದೆ ಬೇಕಾಗುತ್ತದೆ.

ಹಂತ 1: ಗಿಡ ಯಾವುದೆಂದು ಗಟ್ಟಿ ಮಾಡಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲೇ. ನಮ್ಮಲ್ಲಿ ಬ್ರಾಹ್ಮಿ ಎಂದರೆ ಒಂದು ಮನೆಯಲ್ಲಿ ತಿಮರೆ, ಅಂದರೆ ಒಂದೆಲಗ. ಇನ್ನೊಂದು ಮನೆಯಲ್ಲಿ ನೀರುಬ್ರಾಹ್ಮಿ. ಎರಡರ ರಾಸಾಯನಿಕಗಳು ಪೂರ್ತಿ ಬೇರೆ. ಅಮೃತಬಳ್ಳಿಯದ್ದೂ ಇದೇ ತಂಟೆ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟಿತು ಎಂದು ಮುಂಬೈಯ ವೈದ್ಯರು ವರದಿ ಮಾಡಿದಾಗ ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅವರು ಕುಡಿದದ್ದು ಟಿನೊಸ್ಪೊರಾ ಕಾರ್ಡಿಫೋಲಿಯಾ ಹೌದೋ, ಇಲ್ಲಾ ಅದರ ಹತ್ತಿರದ ಸಂಬಂಧಿ ಟಿನೊಸ್ಪೊರಾ ಕ್ರಿಸ್ಪಾವೋ ಎಂದು ಕೇಳಿತು. ಆ ಚರ್ಚೆಯಲ್ಲಿ ಯಾರು ಸರಿ ಎನ್ನುವುದು ಹಾಗಿರಲಿ, ಬೇಲಿಯಿಂದ ಬಳ್ಳಿ ಕಿತ್ತು ತರುವ ನಿಮಗೆ ಈ ಎರಡರ ವ್ಯತ್ಯಾಸ ಗೊತ್ತಾ?

ಆಟಿ ಅಮಾವಾಸ್ಯೆಯಂದು ಕುಡಿಯುವ ಪಾಲೆ ಮರದ ತೊಗಟೆಯ ಕಷಾಯ ನಿಮಗೆಲ್ಲ ಗೊತ್ತು. ಬೆಳಕು ಹರಿಯುವ ಮೊದಲು ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುವುದು ಕ್ರಮ. ಆದರೆ ಕತ್ತಲಲ್ಲಿ ತಪ್ಪು ಮರದ ತೊಗಟೆ ತಂದರೆ ಜೀವಕ್ಕೇ ಕುತ್ತು. ಕಾಸರಕದ ಮರದಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷವಿದೆ. ಮರವನ್ನು ಹಿಂದಿನ ದಿನವೇ ಹಗಲಲ್ಲಿ ನೋಡಿ ಗುರುತು ಮಾಡಿಟ್ಟುಕೊಳ್ಳಿ, ಗೊತ್ತಿರುವ ಹಿರಿಯರನ್ನು ಕರೆದುಕೊಂಡು ಹೋಗಿ.

ಮಾಡಬೇಕಾದದ್ದು ಇಷ್ಟು. ಎಲೆ, ಹೂ, ಸಿಕ್ಕಿದರೆ ಕಾಯಿ ಇರುವ ಒಂದು ಗೆಲ್ಲನ್ನು ಪೇಪರಿನ ಮಧ್ಯೆ ಇಟ್ಟುಕೊಂಡು ಗೊತ್ತಿರುವವರಿಗೆ ತೋರಿಸಿ. ಉಡುಪಿಯವರಿಗೆ ಕುತ್ಪಾಡಿಯ ಎಸ್‌ಡಿಎಂ ಆಯುರ್ವೇದ ಕಾಲೇಜು ಹತ್ತಿರ, ಅಲ್ಲಿ ದ್ರವ್ಯಗುಣ ವಿಭಾಗದವರನ್ನು ಕೇಳಿ. ದ್ರವ್ಯಗುಣ ಎಂದರೆ ಆಯುರ್ವೇದದಲ್ಲಿ ಗಿಡಮೂಲಿಕೆ ಗುರುತಿಸಿ ಅವುಗಳ ಗುಣ ಓದುವ ವಿಷಯ. ಯಾವುದೇ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರಾದರೂ ಆದೀತು. ಮೊಬೈಲ್ ಆ್ಯಪ್‌ನ ಫೋಟೋ ಮಾತ್ರ ನಂಬಬೇಡಿ. ಪುಡಿ ತಂದು ತೋರಿಸಿದರೆ ಯಾರಿಗೂ ಹೇಳಲಿಕ್ಕಾಗುವುದಿಲ್ಲ. ಅವರು ಹೇಳಿದ ಲ್ಯಾಟಿನ್ ಹೆಸರನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಇಲ್ಲಿಂದ ಮುಂದೆ ಹುಡುಕುವುದೆಲ್ಲ ಆ ಹೆಸರಿನಲ್ಲೇ.

ಹಂತ 2: ಯಾವ ಭಾಗ, ಯಾವುದರಲ್ಲಿ ತೆಗೆದ ಸತ್ವ?

ಸಂಶೋಧನೆಯ ಸುದ್ದಿಯಲ್ಲಿ ಎರಡು ಪದ ಮತ್ತೆ ಮತ್ತೆ ಬರುತ್ತವೆ. ಕಾಂಪೌಂಡ್ ಎಂದರೆ ಗಿಡದೊಳಗಿನ ಒಂದು ನಿರ್ದಿಷ್ಟ ರಾಸಾಯನಿಕ, ಉದಾಹರಣೆಗೆ ಅರಿಶಿನದ ಕರ್ಕ್ಯುಮಿನ್. ಎಕ್ಸ್‌ಟ್ರಾಕ್ಟ್ ಎಂದರೆ ಸತ್ವ: ಗಿಡವನ್ನು ನೀರು, ಆಲ್ಕೋಹಾಲ್, ಮೆಥನಾಲ್ ಮುಂತಾದ ಯಾವುದಾದರೂ ದ್ರವದಲ್ಲಿ ನೆನೆಸಿ, ಸೋಸಿ, ಒಣಗಿಸಿದ್ದು. ಅದರಲ್ಲಿ ನೂರಾರು ಕಾಂಪೌಂಡ್ ಇರಬಹುದು.

ಲ್ಯಾಬ್‌ನವರು ಆಲ್ಕೋಹಾಲ್‌ನಲ್ಲಿ ತೆಗೆದ ಸತ್ವದಿಂದ ಫಲಿತಾಂಶ ಪಡೆದಿದ್ದರೆ ನಿಮ್ಮ ನೀರಿನ ಕಷಾಯದಲ್ಲಿ ಅದೇ ವಸ್ತು ಇರಬೇಕೆಂದಿಲ್ಲ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಅರಿಶಿನದ ಪುಡಿಯಲ್ಲಿ ಅದು ಇರುವುದೂ ಸುಮಾರು 3%. ನುಂಗಿದ ಮೇಲೆ ರಕ್ತಕ್ಕೆ ಸೇರುವುದು ಇನ್ನೂ ಕಡಿಮೆ. ನುಂಗಿದ್ದರಲ್ಲಿ ರಕ್ತಕ್ಕೆ ಸೇರುವ ಪಾಲಿಗೆ ಬಯೋಅವೈಲಬಿಲಿಟಿ ಎನ್ನುತ್ತಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಬರೀ ನುಂಗಿದವರ ರಕ್ತದಲ್ಲಿ ಅದು ಸಿಕ್ಕಿದ್ದೇ ಕಷ್ಟದಲ್ಲಿ. ಜತೆಗೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಅಂಶ ಕೊಟ್ಟಾಗ ಸುಮಾರು 20 ಪಟ್ಟು ಏರಿತು. ಇದನ್ನೇ ಹಿಡಿದು ಈಗ ಅರಿಶಿನ-ಮೆಣಸಿನ ಕ್ಯಾಪ್ಸೂಲ್‌ಗಳು ಬಂದಿವೆ. ಆದರೆ ಆ ಪೈಪರಿನ್ ನಿಮ್ಮ ಬೇರೆ ಮಾತ್ರೆಗಳನ್ನೂ ರಕ್ತದಲ್ಲಿ ಏರಿಸಬಹುದು. ಇಂಥ ಕ್ಯಾಪ್ಸೂಲ್ ತಿಂದು ಲಿವರ್ ಊದಿಕೊಂಡ ಪ್ರಕರಣಗಳು ಅಮೆರಿಕ, ಇಟಲಿಯಲ್ಲಿ ದಾಖಲಾಗಿವೆ. ಅಡುಗೆಯ ಅರಿಶಿನಕ್ಕೆ ಈ ಭಯ ಬೇಡ.

ಭಾಗವೂ ಮುಖ್ಯ. ಮಳೆಗಾಲದಲ್ಲಿ ಬೇಲಿ ಮೇಲೆ ಬೆಂಕಿಯ ಹಾಗೆ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲಿ ಕಾಲ್ಚಿಸಿನ್ ಇದೆ. ಗೌಟ್ ಎಂಬ ಕೀಲುನೋವಿಗೆ ಅದು ಒಳ್ಳೆಯ ಮದ್ದು. ಒಂದು ಮಾತ್ರೆಯಲ್ಲಿ ಇರುವುದು 0.5 ಮಿಲಿಗ್ರಾಂ ಮಾತ್ರ. ಗೆಡ್ಡೆ ತಿಂದವರು ಸತ್ತ ಉದಾಹರಣೆಗಳಿವೆ.

ಹಂತ 3: ಪರೀಕ್ಷೆ ಯಾರ ಮೇಲೆ ನಡೆದಿದೆ ನೋಡಿ

ಈಗ ಆ ವಾಟ್ಸಾಪ್ ಮೆಸೇಜ್ ತೆಗೆಯಿರಿ. ಸುದ್ದಿಯಲ್ಲಿ ಏನೇ ಬರೆದಿರಲಿ, ನೀವು ಹುಡುಕಬೇಕಾದದ್ದು ಒಂದೇ: ಗಾಜಿನ ತಟ್ಟೆಯ ಜೀವಕೋಶವಾ, ಇಲಿಯಾ, ಮನುಷ್ಯರಾ? ಮನುಷ್ಯರಾದರೆ ಎಷ್ಟು ಮಂದಿ, ಅವರನ್ನು ಯಾರ ಜತೆ ಹೋಲಿಸಿದರು?

ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸಾಯಿಸುವುದು ದೊಡ್ಡ ಸಾಧನೆಯೇನಲ್ಲ, ಉಪ್ಪುನೀರು ಜಾಸ್ತಿ ಸುರಿದರೂ ಸಾಯುತ್ತವೆ. ನಮ್ಮ ಕಡೆ ಕೆಲವರು ತೋಟದಲ್ಲಿ ಬೆಳೆಸಿ ಕ್ಯಾನ್ಸರ್ ಮದ್ದು ಎಂದು ಮಾರುವ ಲಕ್ಷ್ಮಣಫಲ, ಅಂದರೆ ಮುಳ್ಳು ರಾಮಫಲ ನಿಂತಿರುವುದು ಇಂಥ ತಟ್ಟೆ-ಇಲಿ ಪರೀಕ್ಷೆಗಳ ಮೇಲೆಯೇ. ಅದರಲ್ಲಿರುವ ಆನೊನಾಸಿನ್ ನರಕೋಶಗಳಿಗೂ ವಿಷ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು ಮತ್ತು ಎಲೆಯ ಚಹಾ ಜಾಸ್ತಿ ಬಳಸುವವರಲ್ಲಿ ಪಾರ್ಕಿನ್ಸನ್‌ನಂಥ ನಡುಕದ ಕಾಯಿಲೆ ಕಂಡುಬಂದದ್ದನ್ನು 1999ರಲ್ಲಿ ವರದಿ ಮಾಡಿದ್ದಾರೆ. ಯಾವಾಗಾದರೊಮ್ಮೆ ಹಣ್ಣು ತಿಂದರೆ ಏನೂ ಆಗಲಿಕ್ಕಿಲ್ಲ. ಕಿಮೋ ಬಿಟ್ಟು ಎಲೆಯ ಕಷಾಯ ಕುಡಿಯುವವರನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಮನುಷ್ಯರ ಮೇಲಿನ ಪರೀಕ್ಷೆಯಲ್ಲಿ ಪ್ಲಸೀಬೊ ಎಂಬ ಪದ ಹುಡುಕಿ. ನೋಡಲು ಮದ್ದಿನ ಹಾಗೇ ಇದ್ದು ಒಳಗೆ ಮದ್ದಿಲ್ಲದ ಮಾತ್ರೆ ಅದು. ಯಾರಿಗೆ ಯಾವುದು ಎಂದು ಚೀಟಿ ಎತ್ತಿದ ಹಾಗೆ ಹಂಚಿ, ಕೊನೆಗೆ ಹೋಲಿಸುತ್ತಾರೆ. ಇದು ಯಾಕೆ ಬೇಕು ಎಂದರೆ ಉಪ್ಪಾಗೆಯನ್ನು ನೋಡಿ. ನಮ್ಮ ಘಟ್ಟದ ಉಪ್ಪಾಗೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆ್ಯಸಿಡ್ ಬೊಜ್ಜು ಕರಗಿಸುತ್ತದೆ ಎಂದು ಗಾರ್ಸೀನಿಯಾ ಕಾಂಬೋಜಿಯಾ ಹೆಸರಲ್ಲಿ ಜಗತ್ತೆಲ್ಲ ಮಾರಾಟವಾಯಿತು. 1998ರಲ್ಲಿ ಅಮೆರಿಕದಲ್ಲಿ 135 ಮಂದಿಗೆ 12 ವಾರ ಕೊಟ್ಟು ನೋಡಿದರು. ಮದ್ದು ತಿಂದವರ ತೂಕ ಇಳಿಯಿತು. ಪ್ಲಸೀಬೊ ತಿಂದವರದ್ದೂ ಇಳಿಯಿತು! ಇಬ್ಬರ ನಡುವೆ ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸವೇ ಇರಲಿಲ್ಲ.

ಒಂದು ಪರೀಕ್ಷೆ ಗೆದ್ದರೂ ಸಾಲದು. ನೆಲನೆಲ್ಲಿಯನ್ನು ಚೆನ್ನೈಯಲ್ಲಿ ಹೆಪಟೈಟಿಸ್ ಬಿ ವೈರಸ್ ದೇಹದಲ್ಲಿ ಹೊತ್ತವರಿಗೆ ಒಂದು ತಿಂಗಳು ಕೊಟ್ಟಾಗ 37 ಮಂದಿಯಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತು, ಪ್ಲಸೀಬೊ ತೆಗೆದುಕೊಂಡ 23ರಲ್ಲಿ ಒಬ್ಬರಿಗೆ ಮಾತ್ರ. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಈ ವರದಿ ದೊಡ್ಡ ಸುದ್ದಿಯಾಯಿತು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಆ ಫಲಿತಾಂಶ ಮರಳಿ ಬರಲಿಲ್ಲ. ವಾಟ್ಸಾಪ್‌ನಲ್ಲಿ ಓಡಾಡುವುದು ಯಾವಾಗಲೂ ಮೊದಲನೆಯ ವರದಿ, ಎರಡನೆಯದು ಯಾರಿಗೂ ಬೇಡ.

ಹುಡುಕಲು ಎರಡು ಜಾಗ. ವೈದ್ಯಕೀಯ ಸಂಶೋಧನಾ ವರದಿಗಳನ್ನು ಹುಡುಕುವ ವೆಬ್‌ಸೈಟ್ ಪಬ್‌ಮೆಡ್‌ನಲ್ಲಿ ಗಿಡದ ಲ್ಯಾಟಿನ್ ಹೆಸರು ಹಾಕಿ, ಪಕ್ಕದಲ್ಲಿ 'ಕ್ಲಿನಿಕಲ್ ಟ್ರಯಲ್' ಎಂಬ ಗೆರೆಗೆ ಟಿಕ್ ಹಾಕಿ. ಇನ್ನೊಂದು ಸಿಟಿಆರ್‌ಐ, ಭಾರತದಲ್ಲಿ ಮನುಷ್ಯರ ಮೇಲೆ ನಡೆಯುವ ಔಷಧ ಪರೀಕ್ಷೆಗಳನ್ನು ನೋಂದಾಯಿಸುವ ಸರಕಾರಿ ದಾಖಲೆ, 2007ರಿಂದ ಇದೆ. ಎರಡೂ ಉಚಿತ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರಿಗೆ ಹೇಳಿ, ಅರ್ಧ ಗಂಟೆಯ ಕೆಲಸ.

ಹಂತ 4: ಇಲಿಯ ಡೋಸನ್ನು ಮನುಷ್ಯನ ಲೆಕ್ಕಕ್ಕೆ ತನ್ನಿ

ಇನ್ಸುಲಿನ್ ಗಿಡದ್ದೇ ಉದಾಹರಣೆ ತೆಗೆದುಕೊಳ್ಳುತ್ತೇನೆ, ಜಾಸ್ತಿ ಜನ ಕೇಳುವುದು ಅದನ್ನೇ. ಅದರಲ್ಲಿ ಇನ್ಸುಲಿನ್ ಇದೆ ಎಂದು ತಿಳಿಯಬೇಡಿ. ಇದ್ದರೂ ಬಾಯಿಂದ ನುಂಗಿದ ಇನ್ಸುಲಿನ್ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ, ಅದಕ್ಕೇ ಅಲ್ವಾ ಇಂಜೆಕ್ಷನ್ ಕೊಡುವುದು. ಈ ಎಲೆಯ ಬಗ್ಗೆ ಮಂಗಳೂರಿನ ಕೆಎಂಸಿಯ (ಕಸ್ತೂರ್ಬಾ ಮೆಡಿಕಲ್ ಕಾಲೇಜಿನ) ಸಂಶೋಧಕರೇ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಸ್ಟೀರಾಯ್ಡ್ ಕೊಟ್ಟು ಶುಗರ್ ಏರಿಸಿದ ಇಲಿಗಳಿಗೆ ಎಲೆಯ ಪುಡಿ ತಿನ್ನಿಸಿದಾಗ ಶುಗರ್ ಇಳಿಯಿತು. ಕೊಟ್ಟ ಗರಿಷ್ಠ ಡೋಸ್ ಇಲಿಯ ಒಂದು ಕಿಲೋ ತೂಕಕ್ಕೆ 500 ಮಿಲಿಗ್ರಾಂ.

ಈ ದೊಡ್ಡ ಜಾತಿಯ ಇಲಿಯ ಡೋಸನ್ನು ಮನುಷ್ಯರಿಗೆ ಅಂದಾಜು ಮಾಡಲು 6.2ರಿಂದ ಭಾಗಿಸುವುದು ರೂಢಿ. ಚಿಕ್ಕ ಬಿಳಿ ಇಲಿಯಾದರೆ 12.3. ಹಾಗಾದರೆ 500 ಭಾಗಿಸು 6.2, ಸುಮಾರು 80. ನಿಮ್ಮ ತೂಕ 60 ಕಿಲೋ ಆದರೆ 4,800 ಮಿಲಿಗ್ರಾಂ, ಅಂದರೆ ದಿನಕ್ಕೆ ಹತ್ತಿರ ಹತ್ತಿರ 5 ಗ್ರಾಂ ಒಣ ಪುಡಿ. ಹಸಿ ಎಲೆಯಲ್ಲಿ ಐದರಲ್ಲಿ ನಾಲ್ಕು ಪಾಲು ನೀರು ಎಂದು ಹಿಡಿದರೆ 24 ಗ್ರಾಂ ಹಸಿ ಎಲೆ. ಬೆಳಿಗ್ಗೆ ಒಂದೆಲೆ ಜಗಿಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಹಾಗೆಂದು ಅಷ್ಟು ತಿನ್ನಿ ಎಂದು ನಾನು ಹೇಳುತ್ತಿಲ್ಲ! ಸ್ಟೀರಾಯ್ಡ್‌ನಿಂದ ಕೆಲವು ದಿನ ಶುಗರ್ ಏರಿದ ಇಲಿಯೇ ಬೇರೆ, ಹದಿನೈದು ವರ್ಷದಿಂದ ಶುಗರ್ ಇರುವ, ಜತೆಗೆ ಬಿಪಿ ಮಾತ್ರೆಯನ್ನೂ ನುಂಗುವ ಮನುಷ್ಯನೇ ಬೇರೆ. ಸುದ್ದಿಯಲ್ಲಿ ಕಂಡ ಫಲಿತಾಂಶ ನಿಮ್ಮ ಲೋಟದಲ್ಲಿ ಸಿಗುವ ಸಾಧ್ಯತೆ ಎಷ್ಟು ಎಂದು ತಿಳಿಯಲು ಮಾತ್ರ ಈ ಲೆಕ್ಕ.

ಹಂತ 5: ಈಗಿನ ಮಾತ್ರೆ ಜತೆ, ಈಗಿನ ಕಾಯಿಲೆ ಜತೆ ಹೊಂದುತ್ತದಾ?

ಸ್ಟ್ರಿಪ್‌ಗಳನ್ನು ಸಾಲಾಗಿ ಇಟ್ಟುಕೊಂಡು ಓದಿ.

ಶುಗರ್‌ಗೆ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ಮೇಲಿಂದ ಮಧುನಾಶಿನಿ, ಹಾಗಲ ಜ್ಯೂಸ್, ಮೆಂತ್ಯೆ ಪುಡಿ ಸೇರಿಸಿದಾಗ ಶುಗರ್ 70ಕ್ಕಿಂತ ಕೆಳಗೆ ಬೀಳಬಹುದು. ಬೆವರು, ಕೈ ನಡುಕ, ಕಣ್ಣು ಮಂಜು ಬಂದರೆ ಕೂಡಲೇ ಸಕ್ಕರೆ ನೀರು ಕುಡಿಯಿರಿ. ಏಕಾದಶಿ ಉಪವಾಸ ಮಾಡುವವರು ಇನ್ನೂ ಜಾಗ್ರತೆ. ಟೈಪ್ 1 ಇರುವ ಮಕ್ಕಳಿಗೆ ಯಾವ ಗಿಡದ ಮಾತು ಕೇಳಿಯೂ ಇನ್ಸುಲಿನ್ ನಿಲ್ಲಿಸಬೇಡಿ. ಒಂದೆರಡು ದಿನದಲ್ಲೇ ಜೀವಕ್ಕೆ ಬರುತ್ತದೆ.

ಬಿಪಿ ಇರುವವರು ಜ್ಯೇಷ್ಠಮಧುವನ್ನು ದಿನಾ ಚಪ್ಪರಿಸಬೇಡಿ. ಅದರಲ್ಲಿರುವ ಗ್ಲಿಸಿರೈಜಿನ್ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಕೆಮ್ಮಿನ ಕಷಾಯಗಳಲ್ಲೂ ಇದು ಇರುತ್ತದೆ, ಬಾಟಲಿ ಹಿಂದೆ ಓದಿ.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು, ಅದರಲ್ಲೂ ವಾರ್ಫರಿನ್ ತಿನ್ನುವವರು ಬೆಳ್ಳುಳ್ಳಿ ಕ್ಯಾಪ್ಸೂಲ್, ಕರ್ಕ್ಯುಮಿನ್ ಕ್ಯಾಪ್ಸೂಲ್ ಎರಡನ್ನೂ ಡಾಕ್ಟರಿಗೆ ಹೇಳದೆ ಮುಟ್ಟಬೇಡಿ.

ಕಿಡ್ನಿಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಯಾಕೆಂದರೆ ಬಿಂಬುಳಿ ನಮ್ಮ ಪ್ರತಿ ಹಿತ್ತಲಲ್ಲೂ ಇದೆ. ಮೀನಿನ ಸಾರಿಗೆ ನಾಲ್ಕು ಬಿಂಬುಳಿ ಹಾಕಿದರೆ ತೊಂದರೆಯಿಲ್ಲ. ಆದರೆ ಅದರಲ್ಲಿ ಆಕ್ಸಲೇಟ್ ಎಂಬ ಹುಳಿಯ ಲವಣ ವಿಪರೀತ. ಜ್ಯೂಸ್ ಮಾಡಿ ಒಟ್ಟಿಗೆ ಕುಡಿದಾಗ ಅದು ಕಿಡ್ನಿಯ ಸಣ್ಣ ನಾಳಗಳಲ್ಲಿ ಹರಳಾಗಿ ಕೂರುತ್ತದೆ. ಕೇರಳದ ವೈದ್ಯರು 2013ರಲ್ಲಿ ಹೀಗೆ ಕಿಡ್ನಿ ಕೆಟ್ಟ 10 ಮಂದಿಯ ಬಗ್ಗೆ ಬರೆದರು. ಅವರೆಲ್ಲ ಬಿಂಬುಳಿ ಜ್ಯೂಸ್ ಕುಡಿದವರು, ಹಲವರಿಗೆ ಡಯಾಲಿಸಿಸ್ ಬೇಕಾಯಿತು. ಕೊಲೆಸ್ಟ್ರಾಲ್ ಇಳಿಸಲು ಹೋಗಿ ಕಿಡ್ನಿ ಕಳೆದುಕೊಳ್ಳುವುದು ಬೇಕಾ? ಅದರ ಅಣ್ಣನಂತಿರುವ ದಾರೆಹುಳಿಯಲ್ಲಿ ಆಕ್ಸಲೇಟ್ ಜತೆಗೆ ಕ್ಯಾರಂಬಾಕ್ಸಿನ್ ಎಂಬ ನರವಿಷವೂ ಇದೆ. ಆರೋಗ್ಯವಂತರ ಕಿಡ್ನಿ ಅದನ್ನು ಹೊರಹಾಕುತ್ತದೆ. ಕಿಡ್ನಿ ಸೋತು ರಕ್ತದಲ್ಲಿ ಕ್ರಿಯೇಟಿನಿನ್ ಏರಿದವರು, ಡಯಾಲಿಸಿಸ್‌ನಲ್ಲಿರುವವರು ದಾರೆಹುಳಿಯ ಒಂದು ತುಂಡನ್ನೂ ತಿನ್ನಬಾರದು, ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗಬಹುದು.

ಕಿಡ್ನಿ ಕಸಿ ಆದವರು, ತನ್ನದೇ ಅಂಗಗಳ ಮೇಲೆ ರೋಗನಿರೋಧಕ ಶಕ್ತಿ ತಿರುಗಿಬೀಳುವ ಲೂಪಸ್‌ನಂಥ ಕಾಯಿಲೆ ಇರುವವರು ಅಮೃತಬಳ್ಳಿಯಿಂದ ದೂರ ಇರಿ. 'ಇಮ್ಯುನಿಟಿ ಹೆಚ್ಚಿಸುತ್ತದೆ' ಎನ್ನುವ ಯಾವುದೂ ನಿಮಗೆ ಒಳ್ಳೆಯದಲ್ಲ. ಬಸುರಿಯರು, ಎದೆಹಾಲು ಕೊಡುವವರು ಈ ಲೇಖನದ ಯಾವ ಹಂತವನ್ನೂ ಮನೆಯಲ್ಲೇ ಪ್ರಯತ್ನಿಸಬೇಡಿ. ಆಪರೇಷನ್ ಇದ್ದರೆ ಎರಡು ವಾರ ಮೊದಲೇ ಎಲ್ಲ ಗಿಡದ ಮದ್ದು ನಿಲ್ಲಿಸಿ, ಅರಿವಳಿಕೆ ಕೊಡುವ ಡಾಕ್ಟರಿಗೆ ಹೇಳಿ. ಬೈಯುತ್ತಾರೆ ಎಂದು ಮುಚ್ಚಿಡುವವರೇ ಜಾಸ್ತಿ. ಬೈದರೆ ಬೈಯಲಿ.

ಹಂತ 6: ಕೊಳ್ಳುವುದಾದರೆ ಲೇಬಲ್ ಓದಿ

ಆಯುರ್ವೇದ ಔಷಧಿಯಾದರೆ ಲೇಬಲ್ ಮೇಲೆ ಔಷಧ ತಯಾರಿಕೆಯ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇರಬೇಕು. ಆಹಾರ ಸುರಕ್ಷತೆ ನೋಡುವ ಸರಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐಯ 14 ಅಂಕಿಯ ನಂಬರ್ ಮಾತ್ರ ಇದ್ದರೆ ಕಾನೂನಿನ ಕಣ್ಣಲ್ಲಿ ಅದು ಆಹಾರ, ಮದ್ದಲ್ಲ. ಶುಗರ್, ಬಿಪಿ, ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಹಾಗೆ ಬರೆದ ಡಬ್ಬ ಕಂಡರೆ ಅಲ್ಲೇ ಇಟ್ಟುಬಿಡಿ.

ಹೆಸರಿಲ್ಲದ ಪೊಟ್ಟಣದ ಪುಡಿಯಲ್ಲಿ ಎರಡು ಭಯ. ಒಂದು ಸೀಸ, ಪಾದರಸ. ಇಂಟರ್‌ನೆಟ್‌ನಲ್ಲಿ ಕೊಂಡ 193 ಆಯುರ್ವೇದ ಉತ್ಪನ್ನಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು, 2008ರ ವರದಿ. ಎರಡನೆಯದು ಕಳ್ಳಬೆರಕೆ: ಕೀಲುನೋವಿನ ಪುಡಿಗೆ ಸ್ಟೀರಾಯ್ಡ್, ಶುಗರ್ ಪುಡಿಗೆ ಗ್ಲಿಬೆನ್‌ಕ್ಲಮೈಡ್. ಮೂರೇ ದಿನದಲ್ಲಿ ಭಾರೀ ಗುಣ ಕಂಡರೆ ಖುಷಿಪಡುವ ಬದಲು ಸಂಶಯಪಡಿ.

ಹಂತ 7: ಅಳತೆ ಇಟ್ಟುಕೊಂಡು ಶುರು ಮಾಡಿ, ಇಲ್ಲದಿದ್ದರೆ ಬೇಡ

ಇಷ್ಟೆಲ್ಲ ನೋಡಿ, ನಿಮ್ಮ ಡಾಕ್ಟರೂ ಆಯುರ್ವೇದ ವೈದ್ಯರೂ ಅಡ್ಡಿಯಿಲ್ಲ ಎಂದ ಮೇಲೆ ಶುರು ಮಾಡುವುದಾದರೆ, ಮೊದಲು ಮೂರು ಪರೀಕ್ಷೆ ಮಾಡಿಸಿ. ಒಂದು ಎಚ್‌ಬಿಎ1ಸಿ, ಇದು ಕಳೆದ ಮೂರು ತಿಂಗಳ ಶುಗರ್‌ನ ಸರಾಸರಿ ಹೇಳುತ್ತದೆ. ಇನ್ನೆರಡು ಕಿಡ್ನಿಗೆ ಕ್ರಿಯೇಟಿನಿನ್, ಲಿವರ್‌ಗೆ ಎಸ್‌ಜಿಪಿಟಿ. ಒಂದು ಸಲಕ್ಕೆ ಒಂದೇ ಗಿಡ. ಇರುವ ಮಾತ್ರೆ ಹಾಗೇ ಮುಂದುವರಿಯಲಿ. ಅದೇ ತಿಂಗಳು ವಾಕಿಂಗ್ ಶುರು ಮಾಡಿ, ಅನ್ನವನ್ನೂ ಕಡಿಮೆ ಮಾಡಿದರೆ ಗುಣ ಯಾವುದರಿಂದ ಬಂತೆಂದು ಯಾರಿಗೂ ಗೊತ್ತಾಗುವುದಿಲ್ಲ (ಆದರೂ ವಾಕಿಂಗ್ ಬಿಡಬೇಡಿ, ಆಯ್ಕೆ ಮಾಡಬೇಕಾದರೆ ಗಿಡ ಬಿಡಿ).

ಒಂದು ತಿಂಗಳಿಗೆ ಕ್ರಿಯೇಟಿನಿನ್, ಎಸ್‌ಜಿಪಿಟಿ ಮತ್ತೆ ನೋಡಿ. ಮೂರು ತಿಂಗಳಿಗೆ ಎಚ್‌ಬಿಎ1ಸಿ. 8.1 ಇದ್ದದ್ದು 8.0 ಆದರೆ ಅದು ಲ್ಯಾಬ್‌ನ ಏರುಪೇರು, ಗುಣವಲ್ಲ. ನಿಜವಾಗಿ ಇಳಿದಿದ್ದರೆ ಆ ಎರಡು ರಿಪೋರ್ಟ್ ಹಿಡಿದು ಡಾಕ್ಟರ ಹತ್ತಿರ ಹೋಗಿ, ಮಾತ್ರೆ ಕಡಿಮೆ ಮಾಡಬಹುದಾ ಎಂದು ಕೇಳಿ. ಇಳಿಯದಿದ್ದರೆ ನಿಲ್ಲಿಸಿ, ಇನ್ನು ಮೂರು ತಿಂಗಳು ನೋಡೋಣ ಎಂದು ಎಳೆಯಬೇಡಿ.

ನಡುವೆ ಮೂತ್ರ ಕಡು ಹಳದಿಯಾದರೆ, ಕಣ್ಣು ಹಳದಿಯಾದರೆ, ಮೈ ತುರಿಕೆ, ವಾಂತಿ, ಊಟ ಸೇರದಿರುವುದು, ಮೂತ್ರ ಕಡಿಮೆಯಾಗುವುದು, ಕಾಲು ಬಾವು, ಇದರಲ್ಲಿ ಯಾವುದೇ ಕಂಡರೂ ಅದೇ ದಿನ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಉಳಿದ ಪುಡಿ, ಡಬ್ಬ, ಬಿಲ್ ಎಸೆಯದೆ ಜತೆಗೆ ತೆಗೆದುಕೊಂಡು ಹೋಗಿ. ಔಷಧಿಯ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ವ್ಯವಸ್ಥೆಯ ಉಚಿತ ಫೋನ್ ನಂಬರ್ 1800-180-3024. ರೋಗಿಯೇ ಫೋನ್ ಮಾಡಬಹುದು, ಡಾಕ್ಟರೇ ಮಾಡಬೇಕೆಂದಿಲ್ಲ. ಗಿಡದ ಹೆಸರು, ಎಷ್ಟು ದಿನ, ಎಷ್ಟು ಪ್ರಮಾಣ, ಜತೆಗೆ ಯಾವ ಮಾತ್ರೆ ಎಂದು ಕೇಳುತ್ತಾರೆ, ಆ ನೋಟ್‌ಬುಕ್ ಕೈಯಲ್ಲಿಟ್ಟುಕೊಂಡು ಮಾತಾಡಿ.